ಬೇರ್ಪಡಿಸಿದ ಹೃದಯ: ಮೊದಲು ಹರಿವು ನೋಡಿ, ಆಮೇಲೆ ಒತ್ತಡ

ಪ್ರಾಣಿಯ ಹೃದಯವನ್ನು ದೇಹದಿಂದ ಹೊರತೆಗೆದು, ದ್ರಾವಣ ಹರಿಸಿ ಬಡಿಯುವಂತೆ ಇಟ್ಟುಕೊಳ್ಳುವ ನಮ್ಮ ಬೆಂಚಿಗೆ ಹೊಸದಾಗಿ ಬಂದವರ ಕೈಗೆ ನಾನು ಮೊದಲು ಕೊಡುವುದು ಒಂದು ಅಳತೆ ಜಾಡಿ, ಒಂದು ಸ್ಟಾಪ್‌ವಾಚು. ಅವರ ಕಣ್ಣು ಮಾತ್ರ ಪಕ್ಕದ ಮಾನಿಟರ್ ಮೇಲೇ ಇರುತ್ತದೆ. ಎಡ ಹೃತ್ಕುಕ್ಷಿಯ ಒತ್ತಡ ಅಲ್ಲಿ ಸಾಲುಸಾಲಾಗಿ ಏರಿ ಇಳಿಯುತ್ತಿರುತ್ತದೆ, ನೋಡುವುದಕ್ಕೂ ಚೆಂದ. ಆ ಗೆರೆಯಿಂದ ಹೃದಯ ಏನು ಮಾಡುತ್ತಿದೆ ಎಂದು ಗೊತ್ತಾಗುತ್ತದೆ, ನಿಜ. ಆದರೆ ಅಷ್ಟು ದುಡಿಯಲು ಬೇಕಾದದ್ದು ಅದಕ್ಕೆ ಸಿಗುತ್ತಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಕೆಳಗೆ ತೊಟ್ಟಿಕ್ಕುವ ದ್ರಾವಣ ನೋಡಬೇಕು. ಒಂದು ನಿಮಿಷ ಜಾಡಿ ಹಿಡಿಯಿರಿ, ಎಷ್ಟು ಬಿತ್ತು ಬರೆಯಿರಿ. ಅದೇ ಕೊರೊನರಿ ಹರಿವು, ಹೃದಯದ ಸ್ನಾಯುವಿಗೆ ಪೋಷಣೆ ಒಯ್ಯುವ ನಾಳಗಳ ಹರಿವು. ಆ ಸಂಖ್ಯೆ ಅಡ್ಡಾದಿಡ್ಡಿಯಾಗಿದ್ದರೆ ಮಾನಿಟರ್ ಮೇಲೆ ಕಾಣುವ ಯಾವುದನ್ನೂ ನಾನು ನಂಬುವುದಿಲ್ಲ.

ಈ ಕೆಲಸಕ್ಕೆ ಲಾಂಗೆನ್‌ಡಾರ್ಫ್ ವಿಧಾನ ಎನ್ನುತ್ತಾರೆ. ಇದು ಅದನ್ನು ಕಲಿಯುತ್ತಿರುವವರಿಗೆ, ಅದರಲ್ಲೂ ಹರಿವನ್ನು ಓದಲು ಕಲಿಯುತ್ತಿರುವವರಿಗೆ ಬರೆದದ್ದು. ಪ್ರಾಣಿಯನ್ನು ಮುಟ್ಟುವ ಭಾಗವನ್ನು ಯಾರೂ ಓದಿ ಕಲಿಯುವಂತಿಲ್ಲ. ಅದಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಕೈ ಪಳಗಿದವರ ಪಕ್ಕದಲ್ಲಿ ನಿಂತು ಪಡೆದ ತರಬೇತಿ ಬೇಕು. ಇಲ್ಲಿ ಇಲಿ ಅಂದರೆ 250–300 ಗ್ರಾಂ ತೂಗುವ ರ‍್ಯಾಟ್. ಚಿಟ್ಟಿಲಿ ಅಂದರೆ 25–30 ಗ್ರಾಂನ ಮೌಸ್.

ಹಿಮ್ಮುಖವಾಗಿ ತಳ್ಳಿದರೂ ಹೃದಯ ಬದುಕುವುದು ಹೇಗೆ

ಕೊರೊನರಿ ರಕ್ತನಾಳಗಳು ಹುಟ್ಟುವುದು ಮಹಾಪಧಮನಿಯ ಬುಡದಲ್ಲಿ, ಕವಾಟಕ್ಕೆ ಸ್ವಲ್ಪ ಮೇಲೆ. ಮಹಾಪಧಮನಿಗೆ ಕ್ಯಾನ್ಯುಲಾ ಎಂಬ ಸಣ್ಣ ಕೊಳವೆ ಕಟ್ಟಿ, ಮೇಲಿಂದ ಹೃದಯದ ಕಡೆಗೆ ದ್ರಾವಣ ಬಿಟ್ಟರೆ ಆ ಒತ್ತಡಕ್ಕೇ ಕವಾಟ ಮುಚ್ಚಿಕೊಳ್ಳುತ್ತದೆ. ಎಡ ಹೃತ್ಕುಕ್ಷಿಯ ಒಳಗೆ ಹೋಗಲು ದಾರಿಯಿಲ್ಲ. ದ್ರಾವಣಕ್ಕೆ ಉಳಿದ ದಾರಿ ಕೊರೊನರಿ ಬಾಯಿಗಳು ಮಾತ್ರ. ಅಲ್ಲಿಂದ ಸ್ನಾಯುವಿನೊಳಗೆ ಹರಿದು, ಹೃದಯದ ಸಿರೆಗಳು ಬಂದು ಸೇರುವ ಕೊರೊನರಿ ಸೈನಸ್ ಮೂಲಕ ಬಲ ಹೃತ್ಕರ್ಣ ಸೇರಿ, ಬಲಗಡೆಯ ತೆರೆದ ನಾಳಗಳಿಂದ ಹೊರಗೆ ಬೀಳುತ್ತದೆ. ಜಾಡಿಯಲ್ಲಿ ನೀವು ಹಿಡಿಯುವುದು ಇದನ್ನೇ.

ಓಸ್ಕರ್ ಲಾಂಗೆನ್‌ಡಾರ್ಫ್ ಇದನ್ನು 1895ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು, 1866ರಲ್ಲೇ, ಲೈಪ್‌ಜಿಗ್‌ನ ಕಾರ್ಲ್ ಲುಡ್ವಿಗ್ ಅವರ ಪ್ರಯೋಗಾಲಯದಲ್ಲಿ ಎಲಿ ಸಿಯಾನ್ ಕಪ್ಪೆಯ ಹೃದಯವನ್ನು ದೇಹದ ಹೊರಗೆ ಬಡಿಯುವಂತೆ ಮಾಡಿದ್ದರು. ಆದರೆ ಕಪ್ಪೆಯ ಹೃತ್ಕುಕ್ಷಿಯ ಗೋಡೆ ಸ್ಪಂಜಿನಂಥದು, ಒಳಗಿರುವ ರಕ್ತದಿಂದಲೇ ಪೋಷಣೆ ಪಡೆಯುತ್ತದೆ. ಕಪ್ಪೆಯ ಹೃದಯದಿಂದ ಬಡಿತದ ಬಗ್ಗೆ ಬೇಕಾದಷ್ಟು ಕಲಿಯಬಹುದು, ಕೊರೊನರಿ ಹರಿವಿನ ಬಗ್ಗೆ ಏನೂ ಸಿಗುವುದಿಲ್ಲ. ಬಿಸಿರಕ್ತದ ಪ್ರಾಣಿಯ ಹೃದಯ ಹಾಗಲ್ಲ. ವಿಶ್ರಾಂತಿಯಲ್ಲಿದ್ದಾಗಲೇ ಅದು ತನಗೆ ಬರುವ ರಕ್ತದ ಆಮ್ಲಜನಕದಲ್ಲಿ ಮುಕ್ಕಾಲು ಪಾಲು ಹೀರಿಬಿಟ್ಟಿರುತ್ತದೆ. ಹೆಚ್ಚು ಬೇಕೆಂದರೆ ಇನ್ನೂ ಹೀರಿಕೊಳ್ಳಲು ಹೆಚ್ಚೇನೂ ಉಳಿದಿರುವುದಿಲ್ಲ, ಹರಿವನ್ನೇ ಹೆಚ್ಚಿಸಿಕೊಳ್ಳಬೇಕು. ಹರಿವಿಗೆ ನಾನು ಇಷ್ಟು ಜೋತುಬೀಳುವುದು ಇದಕ್ಕೇ.

ಇನ್ನೊಂದು ತೊಡಕಿದೆ. ಎಡ ಹೃತ್ಕುಕ್ಷಿ ಸಂಕುಚಿಸುವಾಗ ತನ್ನ ಗೋಡೆಯೊಳಗಿನ ನಾಳಗಳನ್ನು ತಾನೇ ಹಿಂಡಿಕೊಳ್ಳುತ್ತದೆ. ಅದಕ್ಕೆ ಹರಿವು ಹೆಚ್ಚಾಗಿ ಸಿಗುವುದು ಸ್ನಾಯು ಸಡಿಲವಾಗುವ ಡಯಾಸ್ಟೊಲ್ ಹೊತ್ತಿನಲ್ಲಿ. ಬಡಿತ ಜೋರಾದಷ್ಟೂ ಆ ಬಿಡುವು ಕಿರಿದಾಗುತ್ತದೆ. ಮೊದಲು ಪೆಟ್ಟು ತಿನ್ನುವುದು ಗೋಡೆಯ ಒಳಪದರ. ಬಡಿತದ ವೇಗ ಬರೆಯದೆ ಹರಿವು ಮಾತ್ರ ಬರೆದಿಟ್ಟ ನೋಟ್‌ಬುಕ್ಕನ್ನು ನಾನು ಹಾಗೇ ಹಿಂದಿರುಗಿಸುತ್ತೇನೆ.

ಯಾವ ಪ್ರಾಣಿ, ಯಾಕೆ

ಲ್ಯಾಬಿನಲ್ಲಿ ಇರುವ ಪ್ರಾಣಿಯನ್ನೇ ತೆಗೆದುಕೊಳ್ಳುವುದು ಸುಲಭ. ಆದರೆ ಎಲ್ಲ ಪ್ರಶ್ನೆಗಳಿಗೂ ಎಲ್ಲ ಹೃದಯಗಳೂ ಉತ್ತರ ಕೊಡಲಾರವು.

ಕೊರೊನರಿ ನಾಳ ಕಟ್ಟಿ, ಸ್ನಾಯು ಎಷ್ಟು ಸಾಯುತ್ತದೆ ಎಂದು ನೋಡಬೇಕು ಅಂದುಕೊಳ್ಳಿ. ಗಿನಿಯಿಲಿಯಲ್ಲಿ ನಾಳದಿಂದ ನಾಳಕ್ಕೆ ಅಡ್ಡದಾರಿಗಳು ಎಷ್ಟು ದಟ್ಟವಾಗಿವೆಯೆಂದರೆ, ಒಂದನ್ನು ಕಟ್ಟಿದರೂ ಪಕ್ಕದವು ಕೆಲಸ ನೋಡಿಕೊಳ್ಳುತ್ತವೆ. ಸ್ನಾಯು ಸಾಯುವುದೇ ಇಲ್ಲ. ನಾಯಿಯಲ್ಲಿ ಅಡ್ಡದಾರಿಗಳು ಗಣನೀಯ, ಅದೂ ಒಂದೊಂದು ನಾಯಿಯಲ್ಲಿ ಒಂದೊಂದು ತರಹ. ಹಾಗಾಗಿ ನಾಯಿಯ ಮೇಲಿನ ಹಳೆಯ ಪ್ರಯೋಗಗಳನ್ನು ಓದುವಾಗ ಅಡ್ಡಹರಿವನ್ನು ಅಳೆದಿದ್ದಾರೆಯೇ ಎಂದು ನೋಡಬೇಕು. ಹಂದಿ, ಮೊಲ, ಇಲಿಗಳಲ್ಲಿ ಅಡ್ಡದಾರಿ ತೀರಾ ಕಡಿಮೆ. ನಾಳ ಕಟ್ಟಿದರೆ ಅದರ ಹಿಂದಿನ ಸ್ನಾಯು ಖಚಿತವಾಗಿ ಹಸಿಯುತ್ತದೆ.

ಹಂದಿಯ ಕೊರೊನರಿ ಹಂಚಿಕೆ ಮನುಷ್ಯರದ್ದಕ್ಕೆ ಹತ್ತಿರ. ಬಲ ಕೊರೊನರಿಯದ್ದು ಮೇಲುಗೈ. ನಾಯಿಯಲ್ಲಿ ಎಡದ್ದು. ಹಂದಿಯಲ್ಲಿ ಒಂದು ಗುಂಡಿ ಇದೆ, ಬೀಳುವವರು ಬೀಳುತ್ತಲೇ ಇರುತ್ತಾರೆ: ಅದರ ಎಡ ಅಜೈಗಸ್ ಸಿರೆ ನೇರ ಕೊರೊನರಿ ಸೈನಸ್‌ಗೆ ಬಂದು ಸೇರುತ್ತದೆ. ಅದನ್ನು ಕಟ್ಟದೆ ಸೈನಸ್‌ನಿಂದ ರಕ್ತ ತೆಗೆದರೆ, ಹೃದಯದ ರಕ್ತದ ಜೊತೆ ಎದೆಗೋಡೆಯ ರಕ್ತವೂ ಬೆರೆತು ಬರುತ್ತದೆ. ಆಮ್ಲಜನಕದ ಲೆಕ್ಕವೆಲ್ಲ ತಪ್ಪುತ್ತದೆ.

ಇಲಿ, ಚಿಟ್ಟಿಲಿಗಳ ಹೃದಯ ಅಗ್ಗ, ಕೈಗೆ ಸಿಗುವಂಥದು, ಜೀನ್ ಬದಲಿಸಿದ ತಳಿಗಳೂ ಇವೆ. ಆದರೆ ಅವು ಓಡುವ ಹೃದಯಗಳು. ಚಿಟ್ಟಿಲಿಯದು ದೇಹದೊಳಗೆ ನಿಮಿಷಕ್ಕೆ 500–700 ಸಲ ಬಡಿಯುತ್ತದೆ. ಇವುಗಳ ಹೃತ್ಕುಕ್ಷಿಯಲ್ಲಿರುವುದು ಸ್ನಾಯುವನ್ನು ಸಂಕುಚಿಸುವ ಮಯೋಸಿನ್ ಪ್ರೋಟೀನಿನ ಎರಡು ಬಗೆಗಳಲ್ಲಿ ಹೆಚ್ಚಾಗಿ ವೇಗದ ಆಲ್ಫಾ. ಮನುಷ್ಯ, ಹಂದಿ, ನಾಯಿ, ಮೊಲಗಳಲ್ಲಿ ನಿಧಾನದ ಬೀಟಾ. ವಿದ್ಯುತ್ ಅಲೆಯೂ ಗಿಡ್ಡ, ಮಧ್ಯದ ಸಮತಟ್ಟು ಭಾಗವೇ ಇಲ್ಲವೆನ್ನುವಷ್ಟು. ಲಯ ಕೆಡಿಸುವ ಔಷಧದ ಪರೀಕ್ಷೆಗೆ ಇಲಿ ತರುವವರಿಗೆ ನಾನು ಮೊಲ ಅಥವಾ ಗಿನಿಯಿಲಿಯತ್ತ ಕೈ ತೋರಿಸುತ್ತೇನೆ. ಕೊರೊನರಿ ನಾಳಗಳ ಪ್ರತಿಕ್ರಿಯೆಗೋ, ರಕ್ತ ನಿಂತು ಮರಳಿದಾಗ ಆಗುವ ಹಾನಿಗೋ ಇಲಿ ಸಾಕು, ಚೆನ್ನಾಗಿಯೇ ಸಾಕು.

ದ್ರಾವಣ

ಹೆಚ್ಚಿನವರು ಬಳಸುವುದು ಕ್ರೆಬ್ಸ್ ಮತ್ತು ಹೆನ್ಸೆಲೈಟ್ 1932ರಲ್ಲಿ ಕೊಟ್ಟ ಬೈಕಾರ್ಬನೇಟ್ ದ್ರಾವಣದ ಯಾವುದೋ ಒಂದು ರೂಪ. ಒಂದು ಲೀಟರಿಗೆ ನಾನು ಹಾಕುವುದು: ಸೋಡಿಯಂ ಕ್ಲೋರೈಡ್ 6.9 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.35, ಏಳು ನೀರಿನ ಮೆಗ್ನೀಸಿಯಂ ಸಲ್ಫೇಟ್ 0.29, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 0.16, ಸೋಡಿಯಂ ಬೈಕಾರ್ಬನೇಟ್ 2.1, ಗ್ಲೂಕೋಸ್ 2 ಗ್ರಾಂ. ಇವೆಲ್ಲ ಕರಗಿದ ಮೇಲೆ 95 ಪಾಲು ಆಮ್ಲಜನಕ, 5 ಪಾಲು ಇಂಗಾಲದ ಡೈಆಕ್ಸೈಡ್ ಇರುವ ಅನಿಲವನ್ನು ಹತ್ತು ಹದಿನೈದು ನಿಮಿಷ ಗುಳ್ಳೆಯಾಡಿಸಬೇಕು. ಕ್ಯಾಲ್ಸಿಯಂ ಆಮೇಲೆ, ಕಟ್ಟಕಡೆಯಲ್ಲಿ. ಮೊದಲೇ ಹಾಕಿದರೆ ಕಾರ್ಬನೇಟ್, ಫಾಸ್ಫೇಟ್‌ಗಳ ಜೊತೆ ಸೇರಿ ಸಣ್ಣ ಬಿಳಿ ಪುಡಿಯಾಗಿ ಇಳಿಯುತ್ತದೆ. ಅಷ್ಟು ಕ್ಯಾಲ್ಸಿಯಂ ಹೋಯಿತು ಅನ್ನುವುದಷ್ಟೇ ಅಲ್ಲ, ಆ ಪುಡಿ ಹೋಗಿ ಕೂರುವುದು ಕೊರೊನರಿಯ ಕಿರುನಾಳಗಳಲ್ಲಿ.

ಕ್ಯಾಲ್ಸಿಯಂ ಎಷ್ಟು? ಹಳೆಯ ಪಾಕದಲ್ಲಿ 2.5 ಮಿಲಿಮೋಲ್. ರಕ್ತದಲ್ಲೂ ಒಟ್ಟು ಅಷ್ಟೇ ಇದೆ, ಆದರೆ ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರೋಟೀನಿಗೆ ಮತ್ತಿತರ ವಸ್ತುಗಳಿಗೆ ಅಂಟಿಕೊಂಡಿರುತ್ತದೆ. ನಮ್ಮ ದ್ರಾವಣದಲ್ಲಿ ಪ್ರೋಟೀನೇ ಇಲ್ಲ. ಆದ್ದರಿಂದ 2.5 ಹಾಕಿದರೆ ಹೃದಯಕ್ಕೆ ಸಿಗಬೇಕಾದ್ದಕ್ಕಿಂತ ಬಹಳ ಹೆಚ್ಚು ಸಿಗುತ್ತದೆ. ಜೋರಾಗಿ ಬಡಿಯುತ್ತದೆ, ನೋಡಿದವರು ಖುಷಿಪಡುತ್ತಾರೆ, ಬೇಗ ಸೋಲುತ್ತದೆ. ನಾನು 1.8ರ ಆಸುಪಾಸಿನಲ್ಲಿ ನಿಲ್ಲಿಸುತ್ತೇನೆ, ಅಂದರೆ ಎರಡು ನೀರಿನ ಕ್ಯಾಲ್ಸಿಯಂ ಕ್ಲೋರೈಡ್ 0.26 ಗ್ರಾಂ. 37 ಡಿಗ್ರಿಯಲ್ಲಿ, ಅನಿಲ ಹರಿಯುತ್ತಿರುವಾಗಲೇ ಪಿಎಚ್ ನೋಡಿ, 7.4 ಇರಬೇಕು. ಬೀಕರಿನಲ್ಲಿ ತಣ್ಣಗಿಟ್ಟು, ಅನಿಲ ನಿಲ್ಲಿಸಿ ಅಳೆದ ಪಿಎಚ್‌ಗೆ ಅರ್ಥವಿಲ್ಲ.

ನೀರಿನ ವಿಷಯದಲ್ಲಿ ಒಂದು ಹಳೆಯ ಪ್ರಕರಣ. ಸಿಡ್ನಿ ರಿಂಗರ್ 1882ರಲ್ಲಿ, ಬರೀ ಉಪ್ಪುನೀರಿನಲ್ಲೂ ಕಪ್ಪೆಯ ಹೃದಯ ಚೆನ್ನಾಗಿಯೇ ಬಡಿಯುತ್ತದೆ ಎಂದು ಬರೆದರು. ಮರುವರ್ಷ ತಾವೇ ತಿದ್ದಿದರು: ದ್ರಾವಣ ಮಾಡಲು ಬಳಸಿದ್ದು ಬಟ್ಟಿ ಇಳಿಸಿದ ನೀರಲ್ಲ, ಲಂಡನ್ನಿನ ನ್ಯೂ ರಿವರ್ ವಾಟರ್ ಕಂಪನಿಯ ಕೊಳಾಯಿ ನೀರು. ಅದರಲ್ಲಿ ಕ್ಯಾಲ್ಸಿಯಂ ಇತ್ತು. ಬಟ್ಟಿ ನೀರಿನಲ್ಲಿ ಮಾಡಿ ನೋಡಿದರೆ ಬಡಿತ ಸೋತುಹೋಯಿತು. ಹೃದಯದ ಬಡಿತಕ್ಕೆ ಕ್ಯಾಲ್ಸಿಯಂ ಬೇಕು ಎಂಬ ತಿಳಿವಳಿಕೆ ಹೊರಟದ್ದು ಅಲ್ಲಿಂದ. ನಿಮ್ಮ ನೀರಿನ ಯಂತ್ರದ ಫಿಲ್ಟರ್ ಬದಲಿಸಿದ ದಿನಾಂಕವನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ದ್ರಾವಣವನ್ನು ಬಳಸುವ ಮುನ್ನ ಸೋಸುವುದು ಕಡ್ಡಾಯ. 0.45 ಮೈಕ್ರಾನ್ ಫಿಲ್ಟರ್ ಒಳ್ಳೆಯದು. ಅದಾಗದಿದ್ದರೆ 5 ಮೈಕ್ರಾನಿನದಾದರೂ ಬೇಕು. ಕಾರಣವಿಲ್ಲದೆ ಗಂಟೆಯಿಂದ ಗಂಟೆಗೆ ಹರಿವು ಇಳಿಯುತ್ತಿದ್ದರೆ ನಾನು ಮೊದಲು ಸಂಶಯಪಡುವುದು ಇದನ್ನೇ.

ಈ ದ್ರಾವಣದ ಮಿತಿ ಒಂದು ನೆನಪಿರಲಿ. ಎಷ್ಟೇ ಗುಳ್ಳೆಯಾಡಿಸಿದರೂ 100 ಮಿ.ಲೀ.ನಲ್ಲಿ ಕರಗುವ ಆಮ್ಲಜನಕ ಸುಮಾರು 2 ಮಿ.ಲೀ. ರಕ್ತದಲ್ಲಾದರೆ ಸುಮಾರು 20. ಹತ್ತರಲ್ಲಿ ಒಂದು ಪಾಲು. ಅದನ್ನು ಸರಿದೂಗಿಸಲು ಕೊರೊನರಿ ನಾಳಗಳು ಮೊದಲೇ ಅಗಲವಾಗಿ ತೆರೆದುಕೊಂಡಿರುತ್ತವೆ, ದ್ರಾವಣವೂ ರಕ್ತಕ್ಕಿಂತ ತೆಳು. ಹೀಗಾಗಿ ಹರಿವು ದೇಹದೊಳಗಿದ್ದಾಗಿನದಕ್ಕಿಂತ ಹಲವು ಪಟ್ಟು. ಇನ್ನಷ್ಟು ಹಿಗ್ಗಲು ಉಳಿದಿರುವ ಜಾಗ ಅದೇ ಪ್ರಮಾಣದಲ್ಲಿ ಕಡಿಮೆ.

ಒತ್ತಡ ಹಿಡಿಯುವುದೋ, ಹರಿವು ಹಿಡಿಯುವುದೋ

ಎರಡು ದಾರಿ. ದ್ರಾವಣದ ತೊಟ್ಟಿಯನ್ನು ಎತ್ತರದಲ್ಲಿಟ್ಟು ಒತ್ತಡ ಒಂದೇ ಸಮ ಇರಿಸಿದರೆ, ನಾಳಗಳು ತಮಗೆ ಬೇಕಾದಷ್ಟು ಹರಿವು ತೆಗೆದುಕೊಳ್ಳುತ್ತವೆ. ಅದನ್ನು ಅಳೆಯುತ್ತೀರಿ. ಪಂಪಿನಿಂದ ಹರಿವನ್ನು ಒಂದೇ ಸಮ ತಳ್ಳಿದರೆ ನಾಳಗಳ ಬಿಗಿತ ಒತ್ತಡದ ಏರಿಳಿತವಾಗಿ ಕಾಣುತ್ತದೆ.

ಎತ್ತರದ ಲೆಕ್ಕ ಸರಳ: 1 ಮಿ.ಮೀ. ಪಾದರಸಕ್ಕೆ 1.36 ಸೆ.ಮೀ. ನೀರು. 80 ಮಿ.ಮೀ. ಬೇಕೆಂದರೆ ತೊಟ್ಟಿಯ ದ್ರಾವಣದ ಮಟ್ಟ ಹೃದಯಕ್ಕಿಂತ ಸುಮಾರು 109 ಸೆ.ಮೀ. ಮೇಲಿರಬೇಕು. ಆದರೆ ಕಾಗದದ ಮೇಲಿನ ಎತ್ತರವನ್ನು ನಂಬಿ ಕೂರಬೇಡಿ. ಕೊಳವೆ, ಫಿಲ್ಟರ್, ಕ್ಯಾನ್ಯುಲಾ ಎಲ್ಲವೂ ಸ್ವಲ್ಪ ಸ್ವಲ್ಪ ಒತ್ತಡ ನುಂಗುತ್ತವೆ. ಕ್ಯಾನ್ಯುಲಾದ ಪಕ್ಕದಲ್ಲೇ ಒಂದು ಕವಲು ಕೊಟ್ಟು ಅಲ್ಲಿ ಒತ್ತಡ ಅಳೆಯಿರಿ.

ರಕ್ತ ನಿಲ್ಲಿಸಿ ಮತ್ತೆ ಬಿಡುವ ಪ್ರಯೋಗಗಳಿಗೆ ನನ್ನ ಆಯ್ಕೆ ಒಂದೇ ಸಮದ ಒತ್ತಡ. ಪಂಪಾದರೆ ಹಾನಿಗೊಂಡು ಮುಚ್ಚಿಹೋದ ನಾಳಗಳ ಮೂಲಕವೂ ಹಟ ಹಿಡಿದು ತಳ್ಳುತ್ತದೆ, ಸಾಯುತ್ತಿರುವ ಹೃದಯದ ಉತ್ತರವನ್ನು ಮುಚ್ಚಿಡುತ್ತದೆ. ನಾಳಗಳ ಮೇಲೆ ಔಷಧದ ಪರಿಣಾಮ ನೋಡುವಾಗ ಮಾತ್ರ ಪಂಪಿಗೆ ಮನಸ್ಸು ವಾಲುತ್ತದೆ. ಕಾರಣ ಹೇಳುತ್ತೇನೆ, ಇಲ್ಲಿ ಎಡವಿದವರು ಬಹಳ.

ಹರಿವು ನಿಮಿಷಕ್ಕೆ 12 ಮಿ.ಲೀ. ಇದೆ ಅನ್ನಿ. ಸಿರಿಂಜ್ ಪಂಪಿನಿಂದ ನಿಮಿಷಕ್ಕೆ 0.12 ಮಿ.ಲೀ. ಔಷಧ ಬಿಡುತ್ತೀರಿ, ನೂರಕ್ಕೆ ಒಂದು. ಹೃದಯ ತಲುಪುವ ಹೊತ್ತಿಗೆ ಔಷಧ ನೂರು ಪಟ್ಟು ತೆಳುವಾಗುತ್ತದೆ, ಸಿರಿಂಜಿನಲ್ಲಿರುವ ಗಾಢ ಔಷಧವನ್ನು ಅದಕ್ಕೆ ತಕ್ಕಂತೆ ಮಾಡಿದ್ದೀರಿ. ಈಗ ಆ ಔಷಧ ನಾಳ ಹಿಗ್ಗಿಸುವಂಥದು. ಹರಿವು 18ಕ್ಕೆ ಏರಿತು. ಸಿರಿಂಜ್ ಪಂಪಿಗೆ ಅದು ಗೊತ್ತಿಲ್ಲ, 0.12 ಬಿಡುತ್ತಲೇ ಇದೆ. ನೂರಕ್ಕೆ ಒಂದು ಇದ್ದದ್ದು ನೂರೈವತ್ತಕ್ಕೆ ಒಂದಾಯಿತು, ಪ್ರಮಾಣ ಮೂರನೇ ಎರಡಕ್ಕೆ ಇಳಿಯಿತು. ಔಷಧ ಕೆಲಸ ಮಾಡಿದಷ್ಟೂ ತನ್ನನ್ನು ತಾನೇ ತೆಳುವಾಗಿಸಿಕೊಳ್ಳುತ್ತದೆ. ಒಂದೇ ಸಮದ ಒತ್ತಡದಲ್ಲೇ ಮಾಡಬೇಕೆಂದಿದ್ದರೆ, ಹರಿವು ಬದಲಾದಂತೆಲ್ಲ ಸಿರಿಂಜ್ ಪಂಪಿನ ವೇಗವನ್ನೂ ತಿದ್ದಬೇಕು, ಇಲ್ಲವೇ ಔಷಧವನ್ನು ತೊಟ್ಟಿಯ ದ್ರಾವಣದಲ್ಲೇ ಬೆರೆಸಬೇಕು.

ಕ್ಯಾನ್ಯುಲಾದವರೆಗೆ

ಈ ಭಾಗ ಚುಟುಕಾಗಿ. ಪ್ರಾಣಿಗೆ ಪೂರ್ಣ ಅರಿವಳಿಕೆ, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್. ಹೆಪಾರಿನ್ ಕೊಡದಿದ್ದರೆ ಹೆಪ್ಪು ಮೊದಲು ಸೇರುವುದು ಕೊರೊನರಿಯಲ್ಲಿ. ಅರಿವಳಿಕೆಯ ಆಯ್ಕೆ ಸಣ್ಣ ವಿಷಯವಲ್ಲ: ಐಸೊಫ್ಲುರೇನ್ ತಾನಾಗಿಯೇ ಹೃದಯವನ್ನು ಸ್ವಲ್ಪ ಮಟ್ಟಿಗೆ ಕಾಪಾಡುತ್ತದೆ, ನೀವು ಕಾಪಾಡುವ ಔಷಧ ಹುಡುಕುತ್ತಿದ್ದರೆ ಅದು ಅಡ್ಡ ಬರುತ್ತದೆ. ಎಲ್ಲ ಗುಂಪಿಗೂ ಒಂದೇ ಅರಿವಳಿಕೆ ಇರಲಿ. ಹೃದಯ ಹೊರಬಂದ ಕೂಡಲೇ ಮಂಜಿನಷ್ಟು ತಣ್ಣನೆಯ ದ್ರಾವಣಕ್ಕೆ. ಅಲ್ಲಿಂದ ಕ್ಯಾನ್ಯುಲಾಗೆ ಕಟ್ಟಿ ಹರಿವು ಶುರುವಾಗುವುದಕ್ಕೆ ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು. ಆ ಹೊತ್ತನ್ನೂ ಬರೆಯಿರಿ.

ಇಲಿಗೆ ಸುಮಾರು 2 ಮಿ.ಮೀ. ದಪ್ಪದ ಕ್ಯಾನ್ಯುಲಾ, ಚಿಟ್ಟಿಲಿಗೆ 1 ಮಿ.ಮೀ.ಗೂ ಕಡಿಮೆ. ತುದಿಯ ಹತ್ತಿರ ಒಂದು ಗೀರು ಇರಲಿ, ದಾರ ಜಾರುವುದಿಲ್ಲ. ಕಟ್ಟುವ ಮುನ್ನ ಕ್ಯಾನ್ಯುಲಾದಿಂದ ದ್ರಾವಣ ತೊಟ್ಟಿಕ್ಕುತ್ತಿರಬೇಕು. ಒಂದು ಗಾಳಿಗುಳ್ಳೆ ಒಳಗೆ ಹೋದರೂ ಹೃದಯದ ಒಂದು ತುಣುಕು ಬೇರೆ ಬಣ್ಣಕ್ಕೆ ತಿರುಗುವುದು ಕಣ್ಣಿಗೇ ಕಾಣುತ್ತದೆ. ತುದಿ ಕವಾಟದ ಮೇಲೆಯೇ ನಿಲ್ಲಬೇಕು, ದಾಟಬಾರದು.

ಮೊದಲ ಅರ್ಧ ಗಂಟೆ

20ರಿಂದ 30 ನಿಮಿಷ ಏನೂ ಮಾಡಬೇಡಿ, ನೋಡುತ್ತಿರಿ. ಐದು ನಿಮಿಷಕ್ಕೊಮ್ಮೆ ಜಾಡಿ ಹಿಡಿಯಿರಿ. ಇಲಿಯ ಹೃದಯ ಸುಮಾರು 1 ಗ್ರಾಂ. ಹರಿವು ಗ್ರಾಂಗೆ ನಿಮಿಷಕ್ಕೆ 8–15 ಮಿ.ಲೀ. ಒಳಗಿದ್ದರೆ ನನಗೆ ನೆಮ್ಮದಿ. ಚಿಟ್ಟಿಲಿಯ ಪುಟ್ಟ ಹೃದಯದಿಂದ ನಿಮಿಷಕ್ಕೆ 1.5ರಿಂದ 4 ಮಿ.ಲೀ. ಬೀಳುತ್ತದೆ, ಅದಕ್ಕೆ ಜಾಡಿಗಿಂತ ತಕ್ಕಡಿ ವಾಸಿ; ಒಂದು ಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ಮಿ.ಲೀ.

ಹರಿವು ತೀರಾ ಹೆಚ್ಚು, ಇಪ್ಪತ್ತು ದಾಟಿ ಹೋಗುತ್ತಿದೆ ಎಂದರೆ ಸಂತೋಷಪಡಬೇಡಿ. ಮಹಾಪಧಮನಿ ಹರಿದಿರಬಹುದು, ದಾರ ಸಡಿಲವಿರಬಹುದು, ಕವಾಟ ಸರಿಯಾಗಿ ಮುಚ್ಚದೆ ದ್ರಾವಣ ಹೃತ್ಕುಕ್ಷಿಗೆ ನುಗ್ಗುತ್ತಿರಬಹುದು. ಕಟ್ಟಿದ ಜಾಗದ ಸುತ್ತ ಒಂದು ಒಣ ಕಾಗದ ತಾಗಿಸಿ ನೋಡಿ, ಸೋರಿಕೆ ತಿಳಿಯುತ್ತದೆ. ಕವಾಟ ಸೋರುತ್ತಿದ್ದರೆ ಹೃತ್ಕುಕ್ಷಿ ಊದಿಕೊಳ್ಳುತ್ತದೆ, ಎಡ ಹೃತ್ಕರ್ಣದಿಂದ ದ್ರಾವಣ ಹೊರಬರುತ್ತದೆ.

ಹರಿವು ಕಡಿಮೆ, ಬಡಿತವೂ ಮಂದ ಎಂದರೆ ಕ್ಯಾನ್ಯುಲಾ ಆಳಕ್ಕಿಳಿದು ಕೊರೊನರಿ ಬಾಯಿಗೆ ಅಡ್ಡ ನಿಂತಿದೆಯೇ ನೋಡಿ. ದಾರ ಬಿಚ್ಚದೆಯೇ ಒಂದು ಕೂದಲೆಳೆಯಷ್ಟು ಮೇಲಕ್ಕೆಳೆದರೆ ಒಮ್ಮೊಮ್ಮೆ ಹರಿವು ತಟ್ಟನೆ ಏರುತ್ತದೆ. ಏರದಿದ್ದರೆ ಗುಳ್ಳೆ, ಹೆಪ್ಪು. ಆ ಹೃದಯವನ್ನು ಕೈಬಿಡಬೇಕು. ಯಾವ ಹೃದಯವನ್ನು ಕೈಬಿಡುತ್ತೀರಿ ಎನ್ನುವ ಗಡಿಗಳನ್ನು ಪ್ರಯೋಗ ಶುರುವಾಗುವ ಮೊದಲೇ ಬರೆದಿಡಿ: ಹರಿವಿನ ಕೆಳಗಡಿ, ಮೇಲ್ಗಡಿ, ಬಡಿತ, ಒತ್ತಡ, ಲಯ. ಫಲಿತಾಂಶ ಕಂಡ ಮೇಲೆ ಗಡಿ ಹಾಕಿದರೆ ಅದಕ್ಕೆ ಬೇರೆ ಹೆಸರಿದೆ.

ಉಷ್ಣತೆಯನ್ನು ನೀರಿನ ಬಾತ್‌ನಲ್ಲಿ ಅಳೆದು ಬರೆಯುವ ಅಭ್ಯಾಸ ಬಿಡಿ. ಬಾತ್ 37 ತೋರಿಸಿದರೂ ಕೊಳವೆ ಹಾದು ಬರುವಷ್ಟರಲ್ಲಿ ದ್ರಾವಣ ತಣ್ಣಗಾಗಿರುತ್ತದೆ, ಅದೂ ಹರಿವು ಕಡಿಮೆಯಿದ್ದಷ್ಟೂ ಹೆಚ್ಚು. ಬಲ ಹೃತ್ಕುಕ್ಷಿಯೊಳಗೆ ಸಣ್ಣ ಥರ್ಮೋಕಪಲ್ ಇಟ್ಟು ನೋಡಿ.

ಬಲೂನು

ಒತ್ತಡ ಅಳೆಯಲು ಎಡ ಹೃತ್ಕರ್ಣದ ಮೂಲಕ ಎಡ ಹೃತ್ಕುಕ್ಷಿಗೆ ಇಳಿಸುವ ಬಲೂನು ಆ ಕೋಣೆಗಿಂತ ಸ್ವಲ್ಪ ದೊಡ್ಡದೇ ಇರಬೇಕು. ಚಿಕ್ಕದಾದರೆ ಅದರ ರಬ್ಬರಿನ ಬಿಗಿತವೇ ಒತ್ತಡವಾಗಿ ತೋರುತ್ತದೆ. ಬಳಸುವಷ್ಟೇ ನೀರನ್ನು ಹೊರಗೆ ತುಂಬಿ ನೋಡಿ. ಒತ್ತಡ ಸೊನ್ನೆ ಇರಬೇಕು. ಒಳಗಿಟ್ಟ ಮೇಲೆ ಡಯಾಸ್ಟೊಲ್ ಕೊನೆಯ ಒತ್ತಡ 5–10 ಮಿ.ಮೀ. ಬರುವವರೆಗೆ ನೀರು ಬಿಟ್ಟು, ಆಮೇಲೆ ಬಲೂನನ್ನು ಮುಟ್ಟಬಾರದು. ಒಳ್ಳೆಯ ಇಲಿ ಹೃದಯ ಇದರ ಮೇಲೆ 80–130 ಮಿ.ಮೀ. ಒತ್ತಡ ಹುಟ್ಟಿಸುತ್ತದೆ, ನಿಮಿಷಕ್ಕೆ 240–320 ಬಡಿತ. ಥೀಬೀಸಿಯನ್ ಸಿರೆಗಳು ಸ್ವಲ್ಪ ದ್ರಾವಣವನ್ನು ನೇರ ಎಡ ಕೋಣೆಗೇ ಬಿಡುತ್ತವೆ, ಅದು ಹೊರಹೋಗಲು ಹೃತ್ಕುಕ್ಷಿಯ ತುದಿಯಲ್ಲಿ ಸೂಜಿಯಷ್ಟು ರಂಧ್ರ ಬೇಕು.

ಇಲ್ಲೂ ಹರಿವಿನ ಕಡೆ ಒಂದು ಕಣ್ಣಿರಲಿ. ಬಲೂನು ತುಂಬುತ್ತಿದ್ದಂತೆ ಹರಿವು ಕುಸಿದರೆ ಒಳಪದರದ ನಾಳಗಳನ್ನು ಒಳಗಿಂದ ಒತ್ತುತ್ತಿದ್ದೀರಿ. ತಿರುಗಿಸಿ ನೋಡಿದರೆ ಮೇಲಿಂದ ತಳ್ಳುವ ಒತ್ತಡವೂ ಬಡಿತದ ಬಲವನ್ನು ಬದಲಿಸುತ್ತದೆ. ನೀರು ಬಿಟ್ಟಾಗ ಮೆದು ಪೈಪು ಸೆಟೆದುಕೊಳ್ಳುವ ಹಾಗೆ, ಕೊರೊನರಿ ನಾಳಗಳು ತುಂಬಿದಷ್ಟೂ ಸ್ನಾಯು ಎಳೆಗಳು ಹಿಗ್ಗಿ ಸಂಕೋಚನ ಜೋರಾಗುತ್ತದೆ. ಡೊನಾಲ್ಡ್ ಗ್ರೆಗ್ ಅವರ ಹೆಸರಿನಲ್ಲಿ ಗ್ರೆಗ್ ಪರಿಣಾಮ ಎನ್ನುವುದು ಇದನ್ನೇ. ಎರಡು ಗುಂಪುಗಳಲ್ಲಿ ತಳ್ಳುವ ಒತ್ತಡ ಬೇರೆಬೇರೆ ಇದ್ದರೆ ಬಲವನ್ನು ಹೋಲಿಸುವುದೇ ಬೇಡ.

ನಾಳಗಳನ್ನು ಪ್ರಶ್ನೆ ಕೇಳುವುದು

ಹೃದಯ ನೆಲೆನಿಂತ ಮೇಲೆ ನಾನು ಮೊದಲು ಕೇಳುವ ಪ್ರಶ್ನೆ ಔಷಧದ್ದಲ್ಲ. ಹರಿವನ್ನು 20–30 ಸೆಕೆಂಡು ನಿಲ್ಲಿಸಿ ಬಿಡುತ್ತೇನೆ. ಆರೋಗ್ಯವಂತ ನಾಳಗಳಾದರೆ ಬಿಟ್ಟ ಕೂಡಲೇ ಹರಿವು ಮೊದಲಿಗಿಂತ ಮೇಲೇರಿ, ಒಂದೆರಡು ನಿಮಿಷದಲ್ಲಿ ಇಳಿದು ಹಳೆಯ ಮಟ್ಟಕ್ಕೆ ಬರುತ್ತದೆ. ಉಸಿರುಕಟ್ಟಿದ ಸ್ನಾಯು ಅಡಿನೋಸಿನ್ ಮುಂತಾದವನ್ನು ಹೊರಬಿಟ್ಟು ನಾಳ ತೆರೆಸಿಕೊಳ್ಳುತ್ತದೆ. ಅಡಿನೋಸಿನ್‌ನ ಈ ಪಾತ್ರವನ್ನು ರಾಬರ್ಟ್ ಬರ್ನ್ 1963ರಲ್ಲಿ ಮುಂದಿಟ್ಟರು. ರಕ್ತ ಹರಿಯುವ ಹೃದಯದಲ್ಲಿ ಸಿಗುವಷ್ಟು ದೊಡ್ಡ ಏರಿಕೆ ಇಲ್ಲಿ ಸಿಗುವುದಿಲ್ಲ. ಆದರೆ ಏರಿಕೆಯೇ ಇಲ್ಲವೆಂದರೆ ನಾಳಗಳು ಮೊದಲೇ ಪೂರ್ತಿ ತೆರೆದುಬಿಟ್ಟಿವೆ, ಅಂದರೆ ಆ ಹೃದಯಕ್ಕೆ ಆಮ್ಲಜನಕ ಸಾಲುತ್ತಿಲ್ಲ. ಅನಿಲದ ಸಿಲಿಂಡರ್ ನೋಡಿ.

ಮುಂದಿನದು ಒಳಪದರದ ಪ್ರಶ್ನೆ. ನಾಳಗಳ ಒಳಪದರವಾದ ಎಂಡೋಥೀಲಿಯಂ ಇಲ್ಲದೆ ಅಸಿಟೈಲ್‌ಕೋಲಿನ್ ನಾಳವನ್ನು ಹಿಗ್ಗಿಸಲಾರದು ಎಂದು ಫರ್ಚ್‌ಗಾಟ್ 1980ರಲ್ಲಿ ಮೊಲದ ಮಹಾಪಧಮನಿಯಲ್ಲಿ ತೋರಿಸಿದರು. ಅಂದಿನಿಂದ ಅಸಿಟೈಲ್‌ಕೋಲಿನ್ ಎಲ್ಲರ ಕೈಯಲ್ಲೂ ಇದೆ. ಹಂದಿಯ ಕೊರೊನರಿಗೆ ಮಾತ್ರ ಕೊಡಬೇಡಿ, ಅಲ್ಲಿ ಅದು ನಾಳವನ್ನು ಬಿಗಿಗೊಳಿಸುತ್ತದೆ, ಬ್ರಾಡಿಕೈನಿನ್ ಬಳಸಿ. ಒಳಪದರ ಹೊರಬಿಡುವ, ನಾಳ ಹಿಗ್ಗಿಸುವ ನೈಟ್ರಿಕ್ ಆಕ್ಸೈಡಿನ ಪಾಲೆಷ್ಟು ಎಂದು ತಿಳಿಯಲು ಅದರ ತಯಾರಿ ತಡೆಯುವ ಎಲ್-ನೇಮ್ ಕೊಟ್ಟು ನೋಡುತ್ತಾರೆ, ಹರಿವು ಇಳಿಯುತ್ತದೆ.

ಈಗ ಕಷ್ಟದ ಭಾಗ. ನೀವು ಕೊಟ್ಟ ಔಷಧದಿಂದ ಹರಿವು ಏರಿತು. ಅದು ನಾಳ ಹಿಗ್ಗಿಸುವ ಔಷಧವೇ? ಹೇಳಲಾಗದು. ಬಡಿತ ಜೋರಾಗಿದ್ದರೆ ಸ್ನಾಯುವಿನ ಬೇಡಿಕೆ ಹೆಚ್ಚಿ ನಾಳಗಳು ತಾವಾಗಿಯೇ ತೆರೆದಿರಬಹುದು. ಮೊದಲು ಪೇಸಿಂಗ್ ಮಾಡಿ, ಅಂದರೆ ವಿದ್ಯುತ್ ಮಿಡಿತ ಕೊಟ್ಟು, ಬಡಿತದ ವೇಗವನ್ನು ಕಟ್ಟಿಹಾಕಿ. ಬಲವೂ ಏರಿದೆಯೇ ನೋಡಿ. ಹರಿವಿಗೂ ಬಲಕ್ಕೂ ಯಾವುದು ಮೊದಲು ಏರಿತು ಎಂಬುದು ಸೆಕೆಂಡುಗಳ ವಿಷಯ, ಅಲ್ಲಿ ಜಾಡಿ ಸಾಲದು, ಹರಿವಿನ ಪ್ರೋಬ್ ಬೇಕು. ಕೆಲವರು ಪೊಟ್ಯಾಸಿಯಂ ಹೆಚ್ಚಿಸಿ ಹೃದಯವನ್ನು ಡಯಾಸ್ಟೊಲ್‌ನಲ್ಲೇ ನಿಲ್ಲಿಸಿ ಔಷಧ ಕೊಡುತ್ತಾರೆ. ಹಿಂಡುವಿಕೆ ಇಲ್ಲ, ಬೇಡಿಕೆ ಇಲ್ಲ, ಉಳಿದದ್ದು ನಾಳ ಮಾತ್ರ. ಒಳ್ಳೆಯ ಉಪಾಯವೇ, ಆದರೆ ಹೆಚ್ಚಿನ ಪೊಟ್ಯಾಸಿಯಂ ನಾಳದ ಸ್ನಾಯುವನ್ನೂ ಬಿಗಿಗೊಳಿಸುತ್ತದೆ ಎಂಬುದನ್ನು ಮರೆತು ವ್ಯಾಖ್ಯಾನ ಮಾಡುವವರೇ ಹೆಚ್ಚು.

ಹರಿವು ನಿಲ್ಲಿಸಿ, ಮರಳಿಸಿ

ಇಡೀ ಹೃದಯಕ್ಕೆ ಹರಿವು ನಿಲ್ಲಿಸುವುದಾದರೆ ಇಲಿಯಲ್ಲಿ 30 ನಿಮಿಷ, ಮರಳಿಸಿದ ಮೇಲೆ ಎರಡು ಗಂಟೆ ಎನ್ನುವುದು ಸಾಮಾನ್ಯ ಕ್ರಮ. ನಿಲ್ಲಿಸಿದ ಹೊತ್ತಿನಲ್ಲಿ ಹೃದಯ ತಣ್ಣಗಾಗದಂತೆ 37 ಡಿಗ್ರಿಯ ದ್ರಾವಣದಲ್ಲಿ ಮುಳುಗಿಸಿಡಿ. ಎರಡು ಡಿಗ್ರಿ ಇಳಿದರೂ ಹೃದಯ ಉಳಿದುಕೊಳ್ಳುತ್ತದೆ, ಶ್ರೇಯಸ್ಸು ನಿಮ್ಮ ಔಷಧಕ್ಕೆ ಹೋಗುತ್ತದೆ. ಒಂದೇ ನಾಳ ಕಟ್ಟುವುದಾದರೆ ಇಲಿಯಲ್ಲಿ ಆ ನಾಳ ಹೊರಗೆ ಕಾಣುವುದಿಲ್ಲ, ಸ್ನಾಯುವಿನೊಳಗೇ ಹುದುಗಿರುತ್ತದೆ. ಅಂದಾಜಿನ ಮೇಲೆ ಸೂಜಿ ಹಾಕಬೇಕು. ಸರಿಯಾಗಿ ಬಿತ್ತೇ? ಮತ್ತೆ ಜಾಡಿ. ಎಡಗಡೆಯ ದೊಡ್ಡ ನಾಳ ನಿಜವಾಗಿ ಮುಚ್ಚಿದ್ದರೆ ಒಟ್ಟು ಹರಿವಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಇಳಿಯುತ್ತದೆ, ದಾರ ಬಿಟ್ಟಾಗ ಏರುತ್ತದೆ. ಇಳಿಯದಿದ್ದರೆ ನೀವು ಕಟ್ಟಿದ್ದು ಬರೀ ಸ್ನಾಯು.

ಮರಳಿಸಿದ ಮೇಲೆ ಹರಿವು ಪೂರ್ತಿ ಬರುವುದಿಲ್ಲ. ಊದಿದ ಸ್ನಾಯು, ಊದಿದ ಒಳಪದರ ಕಿರುನಾಳಗಳನ್ನು ಮುಚ್ಚುತ್ತವೆ. ಹೃದಯ ಬಿಗಿದುಕೊಂಡು ಡಯಾಸ್ಟೊಲ್ ಒತ್ತಡವೂ ಏರಿರುತ್ತದೆ, ಅದೂ ನಾಳಗಳನ್ನು ಹಿಂಡುತ್ತದೆ. ಸತ್ತ ಸ್ನಾಯುವನ್ನು ಟಿಟಿಸಿ ಬಣ್ಣದಿಂದ ನೋಡುತ್ತೇವೆ: ನೂರಕ್ಕೆ ಒಂದರ ದ್ರಾವಣದಲ್ಲಿ, 37 ಡಿಗ್ರಿಯಲ್ಲಿ, 10–15 ನಿಮಿಷ, ಬದುಕಿದ್ದು ಕೆಂಪಾಗುತ್ತದೆ, ಸತ್ತದ್ದು ಬಿಳಚಿಕೊಂಡಿರುತ್ತದೆ. ಎರಡು ಗಂಟೆ ಕಾಯದೆ ಬಣ್ಣ ಹಾಕಿದರೆ ಕಿಣ್ವಗಳು ಇನ್ನೂ ಪೂರ್ತಿ ತೊಳೆದುಹೋಗದೆ ಸತ್ತದ್ದೂ ಕೆಂಪಾಗಿ ಮೋಸ ಮಾಡುತ್ತದೆ. ಚೂರುಗಳ ಚಿತ್ರವನ್ನು ಅಳೆಯುವವರಿಗೆ ಯಾವುದು ಯಾವ ಗುಂಪು ಎಂದು ಗೊತ್ತಿರಬಾರದು.

1986ರಲ್ಲಿ ಮರ್ರಿ, ಜೆನ್ನಿಂಗ್ಸ್, ರೈಮರ್ ಎಂಬ ಸಂಶೋಧಕರು ನಾಯಿಗಳಲ್ಲಿ ತೋರಿಸಿದ ವಿಷಯ ಇವತ್ತಿಗೂ ಈ ಕ್ಷೇತ್ರವನ್ನು ಆಳುತ್ತದೆ. ನಾಲ್ಕು ಸಲ ಐದೈದು ನಿಮಿಷ ನಾಳ ಮುಚ್ಚಿ ತೆರೆದು, ಆಮೇಲೆ 40 ನಿಮಿಷ ಮುಚ್ಚಿದರೆ ಸಾಯುವ ಸ್ನಾಯು ಬಹಳ ಕಡಿಮೆ. ಇದರ ಅರ್ಥ ನಮ್ಮ ಬೆಂಚಿಗೂ ಇದೆ: ಕ್ಯಾನ್ಯುಲಾ ಕಟ್ಟಲು ತಡವಾದ ಹೃದಯ, ಗುಳ್ಳೆಯಿಂದ ನಿಮಿಷಗಟ್ಟಲೆ ಹಸಿದ ಹೃದಯ, ನಿಮಗೆ ಗೊತ್ತಿಲ್ಲದೆಯೇ ಹೀಗೆ ಹಾನಿ ತಡೆದುಕೊಳ್ಳಲು ಸಜ್ಜಾಗಿರಬಹುದು. ಅಂಥದನ್ನು ಕಂಟ್ರೋಲ್ ಗುಂಪಿಗೆ ಸೇರಿಸಿದರೆ ವ್ಯತ್ಯಾಸವೇ ಕಾಣದು.

ಸಂಜೆ

ಹೃದಯವನ್ನು ಇಳಿಸಿ, ಕೊಬ್ಬು ಮತ್ತು ನಾಳದ ತುಂಡು ತೆಗೆದು, ಕಾಗದಕ್ಕೆ ಮೆಲ್ಲಗೆ ಒತ್ತಿ ತೂಗಿ. ಹರಿವನ್ನು ಗ್ರಾಂಗೆ ಭಾಗಿಸಲು ಈ ತೂಕ ಬೇಕು. ಆದರೆ ಪ್ರೋಟೀನಿಲ್ಲದ ದ್ರಾವಣ ಗಂಟೆಗಟ್ಟಲೆ ಹರಿದ ಹೃದಯ ನೀರು ಕುಡಿದು ಭಾರವಾಗಿರುತ್ತದೆ. ಒಂದು ಗುಂಪಿನ ಹೃದಯಗಳು ಹೆಚ್ಚು ಊದಿದ್ದರೆ ಗ್ರಾಂ ಲೆಕ್ಕದಲ್ಲಿ ಅವುಗಳ ಹರಿವು ಸುಮ್ಮನೆ ಕಡಿಮೆ ಕಾಣುತ್ತದೆ. ಒಂದು ತುಂಡನ್ನು 60–70 ಡಿಗ್ರಿಯ ಒಲೆಯಲ್ಲಿ ತೂಕ ಬದಲಾಗದವರೆಗೆ ಒಣಗಿಸಿ, ಒಣ ತೂಕದ ಮೇಲೂ ಒಮ್ಮೆ ಲೆಕ್ಕ ಹಾಕಿ. ಎರಡೂ ಲೆಕ್ಕ ಒಂದೇ ಕಡೆ ತೋರಿಸಿದರೆ ಮಾತ್ರ ಬರೆಯಿರಿ. ಒಂದೇ ಹೃದಯದಿಂದ ಹರಿವು, ಒತ್ತಡ, ಹೊರಬಿದ್ದ ದ್ರಾವಣದ ಮಾದರಿ, ಅಂಗಾಂಶ ಇಷ್ಟೂ ತೆಗೆದಿಟ್ಟರೆ ಮುಂದಿನ ಪ್ರಶ್ನೆಗೆ ಇನ್ನೊಂದು ಪ್ರಾಣಿ ಬೇಕಾಗದಿರಬಹುದು. ರಸೆಲ್ ಮತ್ತು ಬರ್ಚ್ 1959ರಲ್ಲಿ ಪ್ರಾಣಿ ಪ್ರಯೋಗಗಳಿಗೆಂದು ಹೇಳಿದ ಮೂರು ಸೂತ್ರಗಳಲ್ಲಿ (ಪ್ರಾಣಿಗೆ ಬದಲಿ ಹುಡುಕುವುದು, ಸಂಖ್ಯೆ ಇಳಿಸುವುದು, ನೋವು ತಗ್ಗಿಸುವುದು) ನಮ್ಮ ಕೈಯಲ್ಲಿ ದಿನವೂ ಇರುವುದು ಇದೊಂದು, ಸಂಖ್ಯೆ ಕಡಿಮೆ ಮಾಡುವುದು.

ಗ್ಲೂಕೋಸ್ ಇರುವ ಬೆಚ್ಚನೆಯ ದ್ರಾವಣ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಕೊಳವೆಯ ಒಳಗೋಡೆಯಲ್ಲಿ ಅವು ಲೋಳೆಯಾಗಿ ಬೆಳೆದರೆ ಮರುದಿನದ ಹೃದಯಕ್ಕೆ ಅವುಗಳ ವಿಷ ಹರಿಯುತ್ತದೆ, ನಾಳಗಳ ವರ್ತನೆಯೇ ಬದಲಾಗುತ್ತದೆ. ಹಾಗಾಗಿ ಮನೆಗೆ ಹೊರಡುವ ಮೊದಲು ಇಡೀ ವ್ಯವಸ್ಥೆಗೆ ಬಿಸಿ ಬಟ್ಟಿ ನೀರು ಧಾರಾಳವಾಗಿ ಹರಿಸಿ, ವಾರಕ್ಕೊಮ್ಮೆ ತೆಳು ಆಮ್ಲ ಹರಿಸಿ ಅಂಟಿದ ಕ್ಯಾಲ್ಸಿಯಂ ತೊಳೆಯಿರಿ, ಆಮೇಲೆ ಮತ್ತೆ ನೀರು. ಫಿಲ್ಟರ್ ಬಿಸಾಡಿ. ಕೊಳವೆಗಳಲ್ಲಿ ನೀರು ನಿಲ್ಲಲು ಬಿಡದೆ ಗಾಳಿ ಹಾಯಿಸಿ ಒಣಗಿಸಿ, ಅನಿಲದ ಸಿಲಿಂಡರ್‌ನ ಮುಖ್ಯ ಕವಾಟ ಮುಚ್ಚಿ.